ಅಂಕಿತ ಇರಲಿ, ಬೀಗ ಬೇಡ

ಹೋಟಗಿ, ಸೊಲ್ಲಾಪುರ, ಅಕ್ಕಲಕೋಟೆಯ ಫ್ಲೆಕ್ಸ್ ಅಂಗಡಿ, ಡಿಟಿಪಿ ಕೇಂದ್ರ, ಚಾದರದ ಕಾರಖಾನೆಗಳಲ್ಲಿ ಅಕ್ಷರ ಜೋಡಿಸಿ, ಚಿತ್ರ ತೆಗೆದು ಸಂಸಾರ ನಡೆಸುವ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ ಈ ಪತ್ರ.

ಹೋಟಗಿ ಜಂಕ್ಷನ್ ಎಂದರೆ ಈ ಭಾಗದ ಹಿರಿಯರಿಗೆ ಮೊದಲು ನೆನಪಾಗುವುದು ಎರಡು ಅಳತೆಯ ಹಳಿ. ಮುಂಬಯಿಯಿಂದ ಮದ್ರಾಸಿನ ಕಡೆಗೆ ಹೋಗುವ ದೊಡ್ಡ ಹಳಿಯ ಅಗಲ 1,676 ಮಿಲಿಮೀಟರ್. ಇಲ್ಲಿಂದ ಕವಲೊಡೆದು ವಿಜಾಪುರ, ಬಾಗಲಕೋಟೆ ದಾಟಿ ಗದಗಕ್ಕೆ ಹೋಗುತ್ತಿದ್ದ ಸಣ್ಣ ಹಳಿಯ ಅಗಲ 1,000 ಮಿಲಿಮೀಟರ್. ಎರಡೂ ಕಬ್ಬಿಣವೇ, ಎರಡರ ಮೇಲೆ ಹೋಗುವ ಜನವೂ ಒಂದೇ. ಆದರೆ ಒಂದರ ಡಬ್ಬಿ ಇನ್ನೊಂದರ ಮೇಲೆ ಹತ್ತುತ್ತಿರಲಿಲ್ಲ. ಹತ್ತಿಯ ಅಂಡಿಗೆಯಾಗಲಿ ಜೋಳದ ಚೀಲವಾಗಲಿ, ಇಲ್ಲಿ ಇಳಿಸಿ, ಹೊತ್ತು, ಅಲ್ಲಿ ಏರಿಸಬೇಕು. 2000ರ ದಶಕದಲ್ಲಿ ಗದಗದ ದಾರಿಯೂ ಬ್ರಾಡ್‌ಗೇಜ್ ಆಯಿತು, ಆ ತ್ರಾಸು ತೀರಿತು.

ಕಂಪ್ಯೂಟರಿನ ಕನ್ನಡಕ್ಕೆ ಆ ತ್ರಾಸು ಇನ್ನೂ ಪೂರ್ತಿ ತೀರಿಲ್ಲ. ಪುಣೆಯಿಂದ ಬಂದ ಶ್ರೀಲಿಪಿ, ಬೆಂಗಳೂರಿನ ಆಕೃತಿ, ಆಮೇಲೆ ಬರಹ, ನುಡಿ ಹೀಗೆ ಒಂದೊಂದು ತಂತ್ರಾಂಶವೂ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ತನಗೆ ತಿಳಿದ ಕ್ರಮದಲ್ಲಿ ಕೂಡಿಸಿತು. ಒಂದರಲ್ಲಿ ಟೈಪು ಮಾಡಿದ ಲಗ್ನಪತ್ರಿಕೆ ಇನ್ನೊಂದರಲ್ಲಿ ತೆರೆದರೆ ಯಾವ ಭಾಷೆಯೂ ಅಲ್ಲದ ಗೀಟು, ಚುಕ್ಕೆ, ಕೊಂಬುಗಳ ರಾಶಿ. ದುಡ್ಡು ಕೊಟ್ಟು ಕೊಂಡವರಿಗೂ ಡಾಂಗಲ್ ಎಂಬ ಪುಟ್ಟ ಬೀಗವೊಂದನ್ನು ಕಂಪ್ಯೂಟರಿನ ಹಿಂದೆ ಚುಚ್ಚದೆ ಕೆಲಸ ಸಾಗುತ್ತಿರಲಿಲ್ಲ. ಅದು ಕೆಟ್ಟ ದಿನ ಅಂಗಡಿಗೆ ರಜೆ. ಎಲ್ಲ ಭಾಷೆಗಳಿಗೂ ಒಂದೇ ಅಳತೆಯ ಹಳಿಯಾದ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಕರ್ನಾಟಕ ಸರ್ಕಾರ ಅದನ್ನು ತನ್ನ ಶಿಷ್ಟತೆಯೆಂದು ಒಪ್ಪಿದ್ದು 2012ರಲ್ಲಿ. ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ನಿಮ್ಮ ಅಂಗಡಿಗಳಿಗೆ ಆ ಆದೇಶ ಅನ್ವಯಿಸುವುದಿಲ್ಲ. ನಿಮ್ಮ ಗಿರಾಕಿ ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ಮಜಕೂರು ತರುತ್ತಾನೆ. ಮರಾಠಿ ಸರಿಯಾಗಿ ಮೂಡುತ್ತದೆ, ಕನ್ನಡದ ಒತ್ತು ಕಳಚಿ ಬೀಳುತ್ತದೆ. ‘ಜಾತ್ರೆ’ ಹೋಗಿ ‘ಜಾತ್‌ರೆ’ ಆದ ಹತ್ತು ಅಡಿಯ ಬ್ಯಾನರು ರಸ್ತೆಗೆ ಅಡ್ಡಲಾಗಿ ನಿಲ್ಲುತ್ತದೆ. ಕನ್ನಡ ಶಾಲೆಯ ಮಗು ಅದನ್ನೇ ಓದಿಕೊಂಡು ಮನೆಗೆ ಹೋಗುತ್ತದೆ.

ಈ ಪತ್ರ ಬರೆಯಲು ಕಾರಣ ಒತ್ತಕ್ಷರ ಒಂದೇ ಅಲ್ಲ. ಜಗತ್ತಿನಲ್ಲಿ ಚಿತ್ರ, ಹಾಡು, ಅಕ್ಷರ ಮಾಡುವವರು ಬಹುಕಾಲದಿಂದ ಎರಡು ಪ್ರಶ್ನೆ ಕೇಳುತ್ತ ಬಂದಿದ್ದಾರೆ. ಮಾಡಿದ್ದು ಯಾರದು? ಮಾಡಲು ಬಳಸಿದ ಉಪಕರಣ ಯಾರದು? ಹೋಟಗಿಯಲ್ಲಿ ಈ ಪ್ರಶ್ನೆ ಕೇಳಿಕೊಂಡವರು ಕಡಿಮೆ. ಹಾಗೆ ನೋಡಿದರೆ ಅದಕ್ಕೆ ಬೇಕಾದ ಉತ್ತರದ ಅರ್ಧಭಾಗ ಈ ನೆಲದಲ್ಲೇ, ಎಂಟುನೂರು ವರ್ಷಗಳಿಂದ ಬಿದ್ದಿದೆ.

ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಕೆರೆ ಕಟ್ಟಿಸಿದವನು. ಅದರ ನಡುವೆ ಇಂದು ಅವನ ಗುಡಿ ಇದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಅವನು ಸ್ಥಾಪಿಸಿದನೆನ್ನುವ 68 ಲಿಂಗಗಳನ್ನು ಸುತ್ತಿ ಬರುತ್ತವೆ. ಮರಾಠಿ ಪತ್ರಿಕೆಗಳೂ ಆ ವಿಧಿಯನ್ನು ‘ಎಣ್ಣೆಮಜ್ಜನ’ ಎಂಬ ಕನ್ನಡದ ಹೆಸರಿನಿಂದಲೇ ಕರೆಯುತ್ತವೆ. ಸಿದ್ಧರಾಮ ವಚನ ಬರೆದವನೂ ಹೌದು. ಸಾವಿರಕ್ಕೂ ಹೆಚ್ಚು ವಚನಗಳು ಇಂದು ಸಿಗುತ್ತವೆ. ಪ್ರತಿಯೊಂದರ ಕೊನೆಗೆ ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತ. ಅದು ಬರೆದವನ ಹೆಸರಲ್ಲ, ಅವನ ದೈವದ ಹೆಸರು. ಆದರೂ ಕೇಳಿದವರಿಗೆ ಯಾರ ಮಾತೆಂದು ತಕ್ಷಣ ತಿಳಿಯುತ್ತದೆ. ಹಾಡುವವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ತಾಳೆಗರಿಯಲ್ಲಿ ನಕಲು ಮಾಡಿದವರು ಯಾರಿಗೂ ಹಣ ಕಟ್ಟಲಿಲ್ಲ. ಒಂದು ಮಠದ ಕಟ್ಟನ್ನು ಗೆದ್ದಲು ತಿಂದರೆ ಇನ್ನೊಂದು ಮಠದಲ್ಲಿ ಅದರ ಪ್ರತಿ ಇರುತ್ತಿತ್ತು. ವಚನಗಳು ಉಳಿದದ್ದೇ ನಕಲಿನಿಂದ.

ಹಾಗಾದರೆ ಯಾವ ಕಟ್ಟುಪಾಡೂ ಇರಲಿಲ್ಲವೆ? ಇತ್ತು. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದಾಗ ಇಡೀ ಕನ್ನಡ ನಾಡು ಕದಡಿತು. ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ತಡೆಯಬೇಕಿತ್ತೇ ಎಂಬುದು ಬೇರೆಯೇ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು ಜನರ ಮನಸ್ಸು. ವಚನವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಡಬಹುದು, ಸಿನಿಮಾದಲ್ಲಿ ಸೇರಿಸಬಹುದು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಬಂದದ್ದು ಅಂಕಿತ ಮುಟ್ಟಿದಾಗ. ಹಂಚುವುದು ತಪ್ಪಲ್ಲ, ಹೆಸರು ಅಳಿಸುವುದು ತಪ್ಪು ಎಂಬ ತಿಳಿವಳಿಕೆ ಈ ಜನಕ್ಕೆ ಯಾವ ಕಾಯ್ದೆಯಿಂದಲೂ ಬಂದದ್ದಲ್ಲ.

ಭಾರತದ ಕಾಯ್ದೆಯಲ್ಲೂ ಈ ತಿಳಿವಳಿಕೆಗೆ ಒಂದು ಮೂಲೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು, ಕೃತಿಯನ್ನು ಮಾರಿದ ಮೇಲೂ ಅದರ ಮೇಲೆ ಕಲಾವಿದನ ಹೆಸರು ಇರಬೇಕು, ಅವನ ಗೌರವಕ್ಕೆ ಕುಂದು ಬರುವ ಹಾಗೆ ಅದನ್ನು ಕೆಡಿಸಬಾರದು ಎನ್ನುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ದಿಲ್ಲಿಯ ವಿಜ್ಞಾನ ಭವನಕ್ಕೆ ಕಂಚಿನಲ್ಲಿ ಮಾಡಿಕೊಟ್ಟ ದೊಡ್ಡ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಗಿತ್ತು. ಅವರು ಸರ್ಕಾರದ ಮೇಲೆ ದಾವೆ ಹೂಡಿ, 2005ರಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ ಗೆದ್ದರು; ಅಳಿದುಳಿದ ಶಿಲ್ಪವನ್ನು ಮರಳಿಸಿ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೋರ್ಟು ಆದೇಶಿಸಿತು. ಚಿತ್ರ ಮಾರಿದರೂ ಅಂಕಿತ ಮಾರಿದಂತಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ದಿನಗೂಲಿಗೆ ಕೂತು ದೇವರ ಚಿತ್ರ ಬಿಡಿಸುವ ಹುಡುಗನಿಗೆ ಇದನ್ನು ಯಾರೂ ಹೇಳಿಲ್ಲ.

ಅದೇ ಕಾಯ್ದೆಯ ಇನ್ನೊಂದು ಮುಖವೂ ಇದೆ. ಬರೆದವರು ತೀರಿಕೊಂಡ ಮೇಲೆ ಅರವತ್ತು ವರ್ಷ ಕೃತಿಗೆ ಬೇಲಿ. ಮೊದಲು ಐವತ್ತು ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ಕ್ಕೆ ಮುಗಿಯುತ್ತಿದ್ದಾಗ ಅದನ್ನು ಅರವತ್ತಕ್ಕೆ ಏರಿಸಲಾಯಿತು. ಒಬ್ಬರಿಗಾಗಿ ಎತ್ತರಿಸಿದ ಬೇಲಿ ಎಲ್ಲರಿಗೂ ಎತ್ತರವಾಯಿತು. ಈ ಲೆಕ್ಕ ಹೋಟಗಿಯ ಸುತ್ತ ಹೇಗೆ ಬೀಳುತ್ತದೆ ನೋಡಿ. ರೈಲಿನ ಅದೇ ದಾರಿಯಲ್ಲಿ ವಿಜಾಪುರದಲ್ಲಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿ ಕೂಡಿಸಿ, ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ನಡೆಸಿ, ವಚನಗಳನ್ನು ಅಚ್ಚಿಗೆ ತಂದರು. ಅವರು ತೀರಿಕೊಂಡದ್ದು 1964ರಲ್ಲಿ. ಆ ಲೆಕ್ಕದಲ್ಲಿ 2025ರ ಜನವರಿ 1ರಿಂದ ಅವರ ಬರಹ ಸಾರ್ವಜನಿಕರ ಸ್ವತ್ತು. ಇನ್ನು ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆಯವರು. 1974ರ ಮಂಡ್ಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ, ಆ ಪೀಠದಲ್ಲಿ ಕೂತ ಮೊದಲ ಮಹಿಳೆ. ತ್ರಿಪದಿಯಲ್ಲಿ ಸಿದ್ಧರಾಮೇಶ್ವರ ಪುರಾಣ ಬರೆದರು. 1986ರಲ್ಲಿ ತೀರಿಕೊಂಡ ಅವರ ಕಾವ್ಯದ ಬೇಲಿ 2046ರ ಕೊನೆಯವರೆಗೂ ಇರುತ್ತದೆ. ಸಿದ್ಧರಾಮನ ವಚನಕ್ಕೆ ಬೇಲಿಯೇ ಇಲ್ಲ, ಸಿದ್ಧರಾಮನನ್ನು ಕುರಿತ ಕಾವ್ಯಕ್ಕೆ ಇನ್ನೂ ಎರಡು ದಶಕದ ಬೇಲಿ. ಗಡಿಯ ಕನ್ನಡದ ಪುಸ್ತಕ ಒಮ್ಮೆ ಮುದ್ರಣದಿಂದ ಹೊರಗೆ ಬಿದ್ದರೆ ಮತ್ತೆ ಒಳಗೆ ಬರುವುದು ಅಪರೂಪ. ಅಂಥ ಪುಸ್ತಕಕ್ಕೆ ಅರವತ್ತು ವರ್ಷದ ಕಾವಲು ರಕ್ಷಣೆಯಾಗುವುದಿಲ್ಲ, ಮರೆವಾಗುತ್ತದೆ.

ಕಲಾವಿದನೇ ಕಟ್ಟಿದ ಬೇಲಿ ಅವನು ಹೋದ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಕನ್ನಡದಲ್ಲೇ ಒಂದು ದೊಡ್ಡ ಮೊಕದ್ದಮೆ ನಡೆದಿದೆ. ಶಿವರಾಮ ಕಾರಂತರು ಯಕ್ಷಗಾನವನ್ನು ತಮ್ಮದೇ ರೀತಿಯಲ್ಲಿ ತಿದ್ದಿ ‘ಯಕ್ಷರಂಗ’ ಮಾಡಿದರು. ಭೀಷ್ಮವಿಜಯ, ನಳದಮಯಂತಿ, ಪಂಚವಟಿಯಂಥ ಏಳು ಪ್ರಸಂಗಗಳನ್ನು ಹೊಸ ಅಂಗಿ ತೊಡಿಸಿ ರಂಗಕ್ಕೆ ತಂದರು. ತಮ್ಮ ಮರಣಶಾಸನದಲ್ಲಿ ಹಕ್ಕುಗಳನ್ನು ಬಿ. ಮಾಲಿನಿ ಮಲ್ಯ ಅವರಿಗೆ ಬರೆದಿಟ್ಟು 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದಿಲ್ಲಿಯಲ್ಲಿ ‘ಅಭಿಮನ್ಯು ವಧೆ’ ಆಡಿಸಿತು. ಅದೇ ಸಂಸ್ಥೆಯ ಯಕ್ಷಗಾನ ಕೇಂದ್ರದಲ್ಲಿ ಕಾರಂತರು ವರ್ಷಗಟ್ಟಲೆ ಕೆಲಸ ಮಾಡಿದ್ದರು. ಮಾಲಿನಿ ಮಲ್ಯ ಹೂಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರ ತೀರ್ಪು ಕಾರಂತರ ಯಕ್ಷರಂಗಕ್ಕೆ ಕೃತಿಸ್ವಾಮ್ಯ ಉಂಟೆಂದು ಒಪ್ಪಿತು. ಜೊತೆಗೆ ಕಾಯ್ದೆಯ 52ನೇ ಕಲಮು ಕೊಡುವ ವಿನಾಯಿತಿಗಳು ಶಿಕ್ಷಣ ಸಂಸ್ಥೆಗೆ ಇದ್ದೇ ಇರುತ್ತವೆ ಎಂದೂ ಹೇಳಿತು.

ಯಕ್ಷಗಾನ ಯಾರೊಬ್ಬರ ಆಸ್ತಿಯೂ ಅಲ್ಲ. ಕಾರಂತರು ಪಡೆದದ್ದು ನೂರಾರು ಭಾಗವತರಿಂದ, ವೇಷಧಾರಿಗಳಿಂದ. ಅವರ ಪ್ರತಿಭೆಯ ಮೇಲೆ ಎಳ್ಳಷ್ಟೂ ಅನುಮಾನವಿಲ್ಲದೆ ಕೇಳಬೇಕಾದ ಮಾತಿದು: ಎಲ್ಲರಿಂದ ಪಡೆದದ್ದಕ್ಕೆ ಒಬ್ಬರ ಬೀಗ ಹಾಕಿದರೆ ಮುಂದಿನ ಕಾರಂತರು ಎಲ್ಲಿಂದ ಪಡೆಯಬೇಕು?

52ನೇ ಕಲಮಿನ ಮಾತು ಬಂದದ್ದರಿಂದ ಜಾತ್ರೆಯ ನಾಟಕದವರಿಗೆ ಒಂದು ಉಪಯೋಗದ ಸಂಗತಿ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡುವ ಪ್ರದರ್ಶನಕ್ಕೆ, ಇಲ್ಲವೆ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡುವುದಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಮಠದ ಅಂಗಳದ ನಾಟಕ ಕಳ್ಳತನವಲ್ಲ.

ಈಗ ಚಾದರದ ಮಾತು. ಸೊಲ್ಲಾಪುರದ ಚಾದರ ಮಹಾರಾಷ್ಟ್ರದಲ್ಲಿ ಮೊದಲು ಭೌಗೋಳಿಕ ಗುರುತು ಪಡೆದ ಸರಕು. ಟೆರ್ರಿ ಟವೆಲಿಗೂ ಆ ಗುರುತು ಇದೆ. ಇದು ಒಬ್ಬರ ಹಕ್ಕಲ್ಲ, ಊರಿನ ಹಕ್ಕು. ಬೌದ್ಧಿಕ ಆಸ್ತಿಯ ನಿಯಮಗಳಲ್ಲಿ ಅಂಕಿತಕ್ಕೆ ಹತ್ತಿರ ಬರುವಂಥದ್ದು. ಆದರೆ ಅದು ಕಾಯುವುದು ಹೆಸರನ್ನು ಮಾತ್ರ. ಪಾಣಿಪತ್ತಿನ ಚಾದರ ‘ಸೊಲ್ಲಾಪುರಿ’ ಎಂಬ ಹೆಸರಿನಲ್ಲಿ ಮಾರಾಟವಾದರೆ ಕೇಳಬಹುದು. ಅಂಚಿನ ನವಿಲು, ನಡುವಿನ ತಾವರೆ ಅಲ್ಲಿಗೆ ಹೋದರೆ ಕೇಳಲು ಅದರಿಂದ ಬಲ ಬಾರದು. ಆ ನವಿಲನ್ನು ಗ್ರಾಫ್ ಹಾಳೆಯ ಚೌಕಗಳಲ್ಲಿ ತುಂಬಿ, ಕಾರ್ಡಿನಲ್ಲಿ ತೂತು ಹೊಡೆಸಿ ಮಗ್ಗಕ್ಕೆ ಏರಿಸಿದವನ ಗತಿ? ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮು ಹೇಳುವುದಿಷ್ಟು: ವಿನ್ಯಾಸವನ್ನು ನೋಂದಾಯಿಸದೆ ಯಂತ್ರದಲ್ಲಿ ಐವತ್ತಕ್ಕಿಂತ ಹೆಚ್ಚು ಸಲ ತೆಗೆದರೆ ಅದರ ಕೃತಿಸ್ವಾಮ್ಯ ಮುಗಿಯಿತು. ಯಂತ್ರಮಗ್ಗದಲ್ಲಿ ಐವತ್ತು ಚಾದರ ಎಷ್ಟು ಹೊತ್ತಿನ ಮಾತು! ನೋಂದಾಯಿಸಿದರೆ ಹತ್ತು ವರ್ಷ, ಮುಂದಕ್ಕೆ ಐದು ವರ್ಷ ಸಿಗುತ್ತದೆ. ಆದರೆ ಅರ್ಜಿ, ಶುಲ್ಕ, ವಕೀಲ ಎಂದು ಓಡಾಡಬಲ್ಲವನು ಕಾರಖಾನೆಯ ಮಾಲಕ. ನಕ್ಷೆ ತೆಗೆದವನ ಹೆಸರು ಎಲ್ಲೂ ಬರುವುದಿಲ್ಲ. ಕವಿಗೆ ಸತ್ತ ಮೇಲೂ ಅರವತ್ತು ವರ್ಷ, ನೇಕಾರಿಕೆಯ ಚಿತ್ರಗಾರನಿಗೆ ಐವತ್ತು ಚಾದರ. ಬೌದ್ಧಿಕ ಆಸ್ತಿಯ ಬೇಲಿ ಯಾರ ಹೊಲದ ಸುತ್ತ ಎತ್ತರ, ಯಾರ ಹೊಲದ ಸುತ್ತ ಗಿಡ್ಡ ಎಂಬುದು ಇಲ್ಲಿ ಕಾಣುತ್ತದೆ.

ಆ ಮಗ್ಗದ ಕಥೆಯೇ ಬೇರೆ ಪಾಠ ಹೇಳುತ್ತದೆ. ತೂತಿನ ಕಾರ್ಡುಗಳಿಂದ ಬಟ್ಟೆಯ ಮೇಲೆ ಚಿತ್ರ ಎಬ್ಬಿಸುವ ಯಂತ್ರವನ್ನು ಫ್ರಾನ್ಸಿನ ಲಿಯೋನಿನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ಸಿದ್ಧ ಮಾಡಿದ. ಸ್ವಲ್ಪ ದಿನಕ್ಕೇ ಅಲ್ಲಿಯ ಸರ್ಕಾರ ಅದನ್ನು ಸಾರ್ವಜನಿಕ ಸ್ವತ್ತೆಂದು ಸಾರಿತು. ಜಕಾರ್ಡನಿಗೆ ಪಿಂಚಣಿ ಕೊಟ್ಟಿತು, ಪ್ರತಿ ಮಗ್ಗಕ್ಕೆ ಇಷ್ಟೆಂದು ಗೌರವಧನವನ್ನೂ ಕೊಟ್ಟಿತು. ಮಾಡಿದವನ ಹೊಟ್ಟೆ ತುಂಬಿತು, ಯಂತ್ರಕ್ಕೆ ಬೀಗ ಬೀಳಲಿಲ್ಲ. ಸೊಲ್ಲಾಪುರದ ಚಾದರದ ಮೇಲೆ ನವಿಲು ಕುಣಿಯುವುದು ಅದೇ ಯಂತ್ರದ ಸಂತತಿಯಿಂದ. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ತಂದದ್ದೂ ಅದೇ ಕಾರ್ಡುಗಳನ್ನು. ಕಂಪ್ಯೂಟರಿಗೆ ನೇಕಾರರು ಹತ್ತಿರದ ನೆಂಟರು. ಇಂದು ಕಾರ್ಡಿನ ಜಾಗಕ್ಕೆ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿದೆ, ನಕ್ಷೆ ತೆಗೆಯುವ ತಂತ್ರಾಂಶ ಬಂದಿದೆ, ಅದರೊಂದಿಗೆ ಲೈಸೆನ್ಸಿನ ಬೀಗವೂ ಬಂದಿದೆ. ಗ್ರಾಫ್ ಹಾಳೆ ನೂರು ವರ್ಷದ ಮೇಲೂ ಕಣ್ಣಿಗೆ ಕಾಣುತ್ತದೆ. ಒಂದು ಕಂಪನಿಯ ತಂತ್ರಾಂಶ ಮಾತ್ರ ತೆರೆಯಬಲ್ಲ ಕಡತ ಆ ಕಂಪನಿ ಇರುವ ತನಕ, ಅದಕ್ಕೆ ಮನಸ್ಸಿರುವ ತನಕ.

ಇನ್ನು ಎಲ್ಲರೂ ಬಲ್ಲ, ಯಾರೂ ಬಾಯಿಬಿಡದ ವಿಷಯ. ಫ್ಲೆಕ್ಸ್ ಅಂಗಡಿ, ಡಿಟಿಪಿ ಕೇಂದ್ರಗಳಲ್ಲಿ ಫೋಟೋಶಾಪ್, ಕೋರಲ್‌ಡ್ರಾ ಬೇಕು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರದ್ದಾದರೂ ಹಳೆಯ ಫಾಂಟುಗಳ ಸಲುವಾಗಿ ಅದನ್ನು ಬಿಡಲಾಗದವರು ಬಹಳ. ಇವುಗಳ ಕದ್ದ ಪ್ರತಿ ಕೈಯಿಂದ ಕೈಗೆ ಓಡಾಡುತ್ತದೆ. ಕದ್ದ ತಂತ್ರಾಂಶವೆಂದು ಗೊತ್ತಿದ್ದೂ ಬಳಸಿದರೆ ಕಾಯ್ದೆಯ 63ಬಿ ಕಲಮಿನಲ್ಲಿ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಈ ಪತ್ರ ಹೆದರಿಸಲು ಬರೆದದ್ದಲ್ಲ. ದಿನಕ್ಕೆ ನಾಲ್ಕು ಬ್ಯಾನರು ಮಾಡುವವನ ಗಳಿಕೆಗೂ ಆ ತಂತ್ರಾಂಶಗಳ ಬೆಲೆಗೂ ತಾಳೆಯೇ ಇಲ್ಲ ಎಂಬುದು ಗೊತ್ತಿರುವ ಮಾತು. ಆದರೆ ಕದ್ದದ್ದು ಬಿಡುಗಡೆಯಲ್ಲ. ಕದ್ದ ಪ್ರತಿಯಲ್ಲಿ ಕೆಲಸ ಮಾಡುವವನೂ ಆ ಕಂಪನಿಯ ಹಳಿಯ ಮೇಲೆಯೇ ಓಡುತ್ತಿರುತ್ತಾನೆ. ಕಲಿತ ಕೈ ಅದಕ್ಕೇ ಒಗ್ಗುತ್ತದೆ, ಅಂಗಡಿಯ ಹತ್ತು ವರ್ಷದ ಕಡತಗಳು ಅದರ ಅಚ್ಚಿನಲ್ಲೇ ಕೂತಿರುತ್ತವೆ, ಅವನ ಹತ್ತಿರ ಕಲಿಯಲು ಬಂದ ಹುಡುಗನೂ ಅದನ್ನೇ ಕಲಿಯುತ್ತಾನೆ. ಜೊತೆಗೆ ಅಂಜಿಕೆ ಬೇರೆ. ಅಂಜಿಕೊಂಡು ಬದುಕುವ ಚಿತ್ರಗಾರ ತನ್ನ ಚಿತ್ರ ಕದ್ದವನನ್ನು ಎದುರಿಸಿ ಹೇಗೆ ಕೇಳಿಯಾನು?

ದುಡ್ಡು ಕೊಟ್ಟವರ ಪಾಡೂ ನೆಮ್ಮದಿಯದಲ್ಲ. ಅಡೋಬಿ ಕಂಪನಿ 2013ರಿಂದ ತನ್ನ ಮುಖ್ಯ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಮಾರುವ ಬದಲು ಬಾಡಿಗೆಗೆ ಕೊಡತೊಡಗಿತು. ಬಾಡಿಗೆ ನಿಂತರೆ ಬಾಗಿಲು ಮುಚ್ಚಿತು. 2022ರ ಕೊನೆಗೆ ಇನ್ನೂ ವಿಚಿತ್ರ ನಡೆಯಿತು. ಬಣ್ಣಗಳಿಗೆ ಸಂಖ್ಯೆ ಕೊಟ್ಟು ಮಾರುವ ಪ್ಯಾಂಟೋನ್ ಕಂಪನಿಗೂ ಅಡೋಬಿಗೂ ಇದ್ದ ಒಪ್ಪಂದ ಮುರಿದು, ಕಲಾವಿದರು ವರ್ಷಗಳ ಹಿಂದೆ ಮಾಡಿಟ್ಟ ಕಡತ ತೆರೆದರೆ ಆ ಬಣ್ಣಗಳಿದ್ದ ಜಾಗದಲ್ಲಿ ಕಪ್ಪು. ಬಣ್ಣ ಮರಳಿ ಬೇಕಾದರೆ ಪ್ಯಾಂಟೋನಿಗೆ ತಿಂಗಳಿಗೆ ಸುಮಾರು ಹದಿನೈದು ಡಾಲರ್ ಕೊಡಬೇಕಾಗಿತ್ತು. ಗೋಡೆಯ ಮೇಲೆ ಬರೆದ ಚಿತ್ರದ ಕೆಂಪನ್ನು ಅಂಗಡಿಯವನು ಬಂದು ಅಳಿಸಿಕೊಂಡು ಹೋದ ಹಾಗೆ.

ಇದಕ್ಕೆ ಎದುರಾಗಿ ಕನ್ನಡದಲ್ಲಿ ನಡೆದದ್ದನ್ನು ನೆನೆಯಬೇಕು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು, ಇಂಗ್ಲಿಷ್ ಕೀಲಿಮಣೆಯ ಕೀಲಿಗಳ ಮೇಲೇ ಕನ್ನಡವನ್ನು ಉಚ್ಚಾರದ ಪ್ರಕಾರ ಕೂಡಿಸುವ ಕ್ರಮ ಕಂಡುಕೊಂಡರು. ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದರು. ಕೀಲಿಮಣೆಯ ಕ್ರಮವನ್ನು ತಮ್ಮದೆಂದು ಕಟ್ಟಿಹಾಕಿಕೊಳ್ಳದೆ ನಾಡಿಗೆ ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಒಪ್ಪಿದ್ದೂ, ನುಡಿಯೊಳಗೆ ಇರುವುದೂ ಅದೇ. ಅವರ ಹೆಸರು ಅಳಿಯಿತೆ? ಅಳಿಯಲಿಲ್ಲ. ಜನ ಇಂದಿಗೂ ಅದನ್ನು ‘ಕೆ.ಪಿ. ರಾವ್ ಕೀಲಿಮಣೆ’ ಎನ್ನುತ್ತಾರೆ, 2013ರಲ್ಲಿ ಹಂಪಿ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟಿತು. ಅಕ್ಕಲಕೋಟೆಯ ಡಿಟಿಪಿ ಕೇಂದ್ರದಲ್ಲಿ ‘ಅಕ್ಷತೆ’ ಎಂದು ಟೈಪು ಮಾಡುವ ಅಕ್ಕನ ಬೆರಳು ಅವರ ಹಾದಿಯಲ್ಲೇ ಓಡುತ್ತದೆ.

ಇನ್ನೊಂದು ನಿದರ್ಶನ ನಿರಂಜನರದು. ಕಾಸರಗೋಡಿನ ಕಯ್ಯೂರಿನ ರೈತರ ಹೋರಾಟವನ್ನು ‘ಚಿರಸ್ಮರಣೆ’ ಕಾದಂಬರಿಯಾಗಿಸಿದ ಅವರು 1990ರ ದಶಕದ ಮೊದಲಲ್ಲಿ ತೀರಿಕೊಂಡರು. ಕಾಯ್ದೆಯಂತೆ ಅವರ ಬರಹದ ಬೇಲಿ 2050ರ ದಶಕದವರೆಗೆ. ಮಗಳು ತೇಜಸ್ವಿನಿ ನಿರಂಜನ ಅವರು 2014ರಲ್ಲಿ ತಂದೆಯ 55 ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದರು. ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು, ಅಚ್ಚು ಹಾಕಿ ಮಾರಲೂಬಹುದು. ಷರತ್ತು ಎರಡೇ: ಬರೆದವರ ಹೆಸರು ಹೇಳಬೇಕು, ತಿದ್ದಿ ಮಾಡಿದ್ದನ್ನೂ ಇದೇ ಷರತ್ತಿನ ಮೇಲೆ ಬಿಡಬೇಕು. ಅಂಕಿತ ಇದೆ, ಬೀಗ ಇಲ್ಲ.

ಹೊರಗಿನ ಜಗತ್ತಿನಲ್ಲೂ ಕಲಾವಿದರು ಸುಮ್ಮನೆ ಕೂತಿಲ್ಲ. ಅಮೆರಿಕದ ನೀನಾ ಪೇಲಿ ರಾಮಾಯಣದ ಸೀತೆಯ ಮೇಲೆ ‘ಸೀತಾ ಸಿಂಗ್ಸ್ ದ ಬ್ಲೂಸ್’ ಎಂಬ ಪೂರ್ಣಾವಧಿ ಅನಿಮೇಷನ್ ಚಿತ್ರವನ್ನು ಬಹುತೇಕ ಒಬ್ಬಳೇ ಕೂತು ಮಾಡಿದಳು. ಸೀತೆಯ ದುಃಖಕ್ಕೆ ಬಳಸಿದ್ದು 1920ರ ದಶಕದಲ್ಲಿ ಆನೆಟ್ ಹ್ಯಾನ್‌ಶಾ ಹಾಡಿದ ಹಾಡುಗಳು. ಹಾಡಿದವಳೂ ಇಲ್ಲ, ಬರೆದವರೂ ಇಲ್ಲ. ಹಕ್ಕು ಮಾತ್ರ ಕಂಪನಿಗಳ ಕೈಯಲ್ಲಿತ್ತು. ಚೌಕಾಸಿ ಮಾಡಿ ಕೊನೆಗೆ ಐವತ್ತು ಸಾವಿರ ಡಾಲರ್ ಕಟ್ಟಿದಳು. ಆ ನೋವಿನ ಮೇಲೆ ತನ್ನ ಚಿತ್ರವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಳು, 2013ರಲ್ಲಿ ಉಳಿದ ಷರತ್ತುಗಳನ್ನೂ ತೆಗೆದುಹಾಕಿದಳು. ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದ ಕಂಪನಿ ಮುಚ್ಚಿದಾಗ ಅದನ್ನು ಕಟ್ಟಿದ ಟೋನ್ ರೋಸೆಂಡಾಲ್ 2002ರಲ್ಲಿ ಬಳಕೆದಾರರ ಮುಂದೆ ಜೋಳಿಗೆ ಹಿಡಿದ. ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿತು, ಬ್ಲೆಂಡರಿನ ಮೂಲ ಸಂಕೇತ ಬಿಡುಗಡೆಯಾಯಿತು. ಹಳಕಟ್ಟಿಯವರ ಕಥೆ ಬಲ್ಲವರಿಗೆ ಆ ಜೋಳಿಗೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಲಾಟ್ವಿಯಾ ಎಂಬ ಸಣ್ಣ ದೇಶದ ಗಿಂಟ್ಸ್ ಜಿಲ್ಬಾಲೋಡಿಸ್ ಅದೇ ಪುಕ್ಕಟೆ ಬ್ಲೆಂಡರಿನಲ್ಲಿ ‘ಫ್ಲೋ’ ಚಿತ್ರ ಮಾಡಿ, ಒಂದು ಬೆಕ್ಕಿನ ಕಥೆಗೆ 2025ರಲ್ಲಿ ಆಸ್ಕರ್ ಪಡೆದ.

ಹಾಗಾದರೆ ನಾಳೆಯೇ ಎಲ್ಲವನ್ನೂ ಬದಲಿಸಿಬಿಡಿ ಎನ್ನುವುದು ಸುಲಭ, ನ್ಯಾಯವಲ್ಲ. ಚಿತ್ರ ಬಿಡಿಸಲು ಕೃತಾ, ಫೋಟೋ ತಿದ್ದಲು ಗಿಂಪ್, ಗೆರೆಯ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಪುಟ ಕಟ್ಟಲು ಸ್ಕ್ರೈಬಸ್ ಇವೆ. ಎಲ್ಲವೂ ಪುಕ್ಕಟೆ, ಎಲ್ಲದರ ಒಳಗೂ ಕೈಹಾಕಿ ತಿದ್ದಬಹುದು. ಗಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ಯೂನಿಕೋಡ್ ಕನ್ನಡದ ಒತ್ತು ತನ್ನ ಜಾಗದಲ್ಲೇ ನಿಲ್ಲುತ್ತದೆ. ಈ ಒಂದು ಕಾರಣಕ್ಕೇ ಗಡಿಯ ಅಂಗಡಿಗಳು ಅವನ್ನು ಹತ್ತಿರ ಮಾಡಿಕೊಳ್ಳಬೇಕು. ಆದರೆ ಮುದ್ರಣದ ನಾಲ್ಕು ಬಣ್ಣಗಳ ಲೆಕ್ಕದಲ್ಲಿ ಗಿಂಪ್, ಇಂಕ್‌ಸ್ಕೇಪ್ ಇನ್ನೂ ಹಿಂದೆ. ಆ ಕೆಲಸಕ್ಕೆ ಸ್ಕ್ರೈಬಸ್ ಬೇಕಾಗುತ್ತದೆ. ಗಿರಾಕಿ ತರುವ ಕೋರಲ್ ಕಡತ ಎಲ್ಲ ಸಲವೂ ನೆಟ್ಟಗೆ ತೆರೆಯುವುದಿಲ್ಲ. ಕೈಗೆ ಒಗ್ಗಿದ ಕೀಲಿಗಳನ್ನು ಮರೆತು ಹೊಸದು ಕಲಿಯಲು ತಿಂಗಳುಗಳು ಬೇಕು, ಲಗ್ನದ ಸೀಜನ್ನಿನಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ಕನ್ನಡದ ಮುಕ್ತ ಫಾಂಟುಗಳು ಇಂದು ಬೇಕಾದಷ್ಟಿವೆ. ಗುಬ್ಬಿ, ನವಿಲು ಇವೆ, ದಪ್ಪ ಅಕ್ಷರದ ಬಲೂ ತಮ್ಮ ಇದೆ, ನೋಟೋ, ಟೈರೊ ಇವೆ. ಆದರೆ ಸೈನ್‌ಬೋರ್ಡಿನ ಪೇಂಟರುಗಳು ಕುಂಚದಿಂದ ಎಳೆಯುತ್ತಿದ್ದ ಆ ಬಾಗು, ಆ ನೆರಳು ಈ ಫಾಂಟುಗಳಲ್ಲಿ ಬಂದಿಲ್ಲ. ಫ್ಲೆಕ್ಸ್ ಬಂದು ಅವರ ಕುಂಚ ಕಸಿದುಕೊಂಡಿತು. ಪಂಢರಪುರದಲ್ಲಿ ಹುಟ್ಟಿದ ಎಂ.ಎಫ್. ಹುಸೇನ್ ಸಿನಿಮಾ ಹೋರ್ಡಿಂಗ್ ಬರೆದು ಬೆಳೆದವರು ಎಂದು ಹೆಮ್ಮೆಯಿಂದ ಹೇಳುವ ಜಿಲ್ಲೆಯಲ್ಲಿ ಆ ಕೈಬರಹದ ಒಂದು ಸಂಗ್ರಹ ಇರಬೇಕಲ್ಲವೆ?

ಅದಕ್ಕೇ ಈ ಪತ್ರದ ಬೇಡಿಕೆ ಸಣ್ಣದು. ಹೊಸ ಕೆಲಸವನ್ನು ಯೂನಿಕೋಡಿನಲ್ಲಿ ಟೈಪು ಮಾಡಿ, ಹಳೆಯದನ್ನು ಬಿಡುವಾದಾಗ ಬದಲಿಸಿ; ನುಡಿ, ಬರಹದಿಂದ ಯೂನಿಕೋಡಿಗೆ ತರುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇದ್ದರೆ ಒಂದರಲ್ಲಿ ಇಂಕ್‌ಸ್ಕೇಪ್ ಹಾಕಿ, ಕಲಿಯಲು ಬಂದ ಹುಡುಗರನ್ನು ಅದರ ಮುಂದೆ ಕೂಡಿಸಿ. ಕಪಾಟಿನಲ್ಲಿ ಧೂಳು ಹಿಡಿದ ಸಿಡಿಗಳಲ್ಲಿ ಈ ಭಾಗದ ಎಷ್ಟೋ ಪುರಾಣ, ಭಜನೆ, ಶಾಲೆಯ ಸ್ಮರಣಸಂಚಿಕೆಗಳು ಹಳೆಯ ಫಾಂಟಿನಲ್ಲಿ ಕೂತಿವೆ. ಡಾಂಗಲ್ ಕೆಲಸ ಮಾಡುತ್ತಿರುವಾಗಲೇ ಅವುಗಳನ್ನು ಹೊರಗೆ ತೆಗೆಯಿರಿ. ನೀವು ಮಾಡಿದ ಚಿತ್ರದ ಮೂಲೆಯಲ್ಲಿ ನಿಮ್ಮ ಹೆಸರು ಹಾಕಿ. ಮಾಲಕರು ಬೇಡವೆಂದರೆ 57ನೇ ಕಲಮು ತೋರಿಸಿ.

ಚಾದರದ ನಕ್ಷೆ ತೆಗೆಯುವವರಿಗೆ ಪ್ರತ್ಯೇಕವಾಗಿ ಒಂದು ಮಾತು. ಹಳೆಯ ಗ್ರಾಫ್ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಸ್ಕ್ಯಾನ್ ಮಾಡಿ, ತೆಗೆದವರ ಹೆಸರು, ವರ್ಷ, ಕಾರಖಾನೆ ಬರೆದು, ಎಲ್ಲರಿಗೂ ಸಿಗುವ ಹಾಗೆ ಇಡಿ. ನಾಳೆ ಇನ್ನೊಬ್ಬರು ಬಂದು ಆ ನವಿಲು ತಮ್ಮದೆಂದು ನೋಂದಾಯಿಸಲು ಹೊರಟರೆ, ಅದು ಹೊಸದಲ್ಲವೆಂದು ತೋರಿಸಲು ದಾಖಲೆ ಇರುತ್ತದೆ. ಮೊದಲೇ ಪ್ರಕಟವಾದ ವಿನ್ಯಾಸಕ್ಕೆ ಕಾಯ್ದೆ ನೋಂದಣಿ ಕೊಡುವುದಿಲ್ಲ.

ಮುಂದಿನ ಸಂಕ್ರಾಂತಿಗೆ ಸೊಲ್ಲಾಪುರದ ಬೀದಿಗಳಲ್ಲಿ ನೂರಾರು ಬ್ಯಾನರುಗಳು ಏಳುತ್ತವೆ. ಅವುಗಳಲ್ಲಿ ಹತ್ತಾದರೂ ಮುಕ್ತ ಫಾಂಟಿನಲ್ಲಿ, ಮುಕ್ತ ತಂತ್ರಾಂಶದಲ್ಲಿ, ಒತ್ತು ಸರಿ ಇರುವ ಕನ್ನಡದಲ್ಲಿ, ಮೂಲೆಯಲ್ಲಿ ಮಾಡಿದವರ ಹೆಸರಿನೊಂದಿಗೆ ಬರಲಿ. ಮಾಡಿದವರು ಆ ಕಡತಗಳನ್ನು ಹೋಟಗಿಯ ಅಂಗಡಿಯಿಂದ ಅಕ್ಕಲಕೋಟೆಯ ಅಂಗಡಿಗೆ ಕಳುಹಿಸಿ ನೋಡಲಿ. ಅಲ್ಲಿ ತೆರೆದಾಗ ‘ಎಣ್ಣೆಮಜ್ಜನ’ದ ಒಂದು ಒತ್ತೂ ಕದಲದೆ ಇದ್ದರೆ, ಅವರು ಅದೇ ಕಡತವನ್ನು ವಿಜಾಪುರಕ್ಕೂ ಕಳುಹಿಸಲಿ.